ಬ್ರಾಲ್ ಮಾಡ್: ಗ್ಯಾನನ್‌ಡಾರ್ಫ್‌ಗೆ ಓಟ ಜಾಸ್ತಿ ಮಾಡದೇ ಬಲ ತುಂಬುವುದು ಹೇಗೆ?

ನಿಧಾನಗ್ಯಾನನ್:

ಎಲ್ಲರಿಗೂ ನಮಸ್ಕಾರ. ನಾವೊಂದಿಷ್ಟು ಜನ ಸೇರಿ ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್ ಅನ್ನುವ ಫೈಟಿಂಗ್ ಗೇಮ್‌ಗೆ ಒಂದು ಬ್ಯಾಲೆನ್ಸ್ ಮಾಡ್ (ಕ್ಯಾರೆಕ್ಟರ್‌ಗಳ ಬಲ ಸರಿದೂಗಿಸುವ ಬದಲಾವಣೆ) ಮಾಡುತ್ತಿದ್ದೇವೆ. ಎಂಜಿನ್ ಕಡೆಯ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಓಡಲು ಹೋದಾಗ ಸುಮ್ನೆ ಎಡವಿ ಬೀಳುವುದನ್ನು ತೆಗೆದಿದ್ದೇವೆ. ಎಲ್-ಕ್ಯಾನ್ಸಲ್ ಇದೆ, ಅಂದರೆ ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ನೆಲಕ್ಕೆ ಇಳಿದ ಮೇಲೆ ಕದಲಲಾಗದ ಹೊತ್ತು ಅರ್ಧ ಆಗುತ್ತದೆ. ಏರ್ ಡಾಡ್ಜ್ (ಗಾಳಿಯಲ್ಲಿ ಏಟು ತಪ್ಪಿಸಿಕೊಳ್ಳುವುದು) ಬ್ರಾಲ್‌ಗಿಂತ ಹಿಂದಿನ ಆಟ ಮೆಲೀ ಥರ, ಹಾಗಾಗಿ ಅದನ್ನು ನೆಲದ ಕಡೆಗೆ ಮಾಡಿ ಜಾರುವ ವೇವ್‌ಡ್ಯಾಶ್ ಕೂಡ ಆಗುತ್ತದೆ. ಹಿಟ್‌ಸ್ಟನ್ (ಏಟು ತಿಂದವನು ಏನೂ ಮಾಡಲಾಗದ ಹೊತ್ತು) ಮೆಲೀ ಲೆಕ್ಕಕ್ಕೆ ಬಂದಿದೆ, ಅಂದರೆ ನಾಕ್‌ಬ್ಯಾಕ್‌ನ (ಏಟು ಎದುರಾಳಿಯನ್ನು ಹಾರಿಸುವ ಬಲ) 0.4 ಪಟ್ಟು ಫ್ರೇಮ್ (ಸೆಕೆಂಡಿನ 60ನೇ ಒಂದು ಭಾಗ), ಆ ಹೊತ್ತಿನಲ್ಲಿ ಏರ್ ಡಾಡ್ಜ್ ಮಾಡಿ ಜಾರಿಕೊಳ್ಳಲು ಆಗುವುದಿಲ್ಲ. ಈಗ ಒಂದೊಂದೇ ಕ್ಯಾರೆಕ್ಟರ್ ಹಿಡಿದು ಕೂತಿದ್ದೇವೆ. ನನ್ನ ಪಾಲಿಗೆ ಗ್ಯಾನನ್‌ಡಾರ್ಫ್. ನಾನೇ ಕೇಳಿ ತೆಗೆದುಕೊಂಡದ್ದು, ಅವನನ್ನು ಬಿಟ್ಟು ಬೇರೆ ಯಾರನ್ನೂ ಮನಸ್ಸಿಟ್ಟು ಆಡಿದವನಲ್ಲ ನಾನು.

ಬ್ರಾಲ್ ಆಡಿದವರಿಗೆ ಅವನ ಪಾಡು ಗೊತ್ತು. ಕ್ಯಾರೆಕ್ಟರ್‌ಗಳನ್ನು ಬಲದ ಪ್ರಕಾರ ಸಾಲಾಗಿ ಇಡುವ ಟಿಯರ್ ಲಿಸ್ಟ್‌ನಲ್ಲಿ ಕಟ್ಟಕಡೆಯ ಹೆಸರು. ನೆಲದ ಮೇಲೂ ನಿಧಾನ, ಗಾಳಿಯಲ್ಲೂ ನಿಧಾನ, ದೂರದಿಂದ ಎಸೆಯಲು ಕೈಯಲ್ಲಿ ಏನೂ ಇಲ್ಲ, ಮೈ ದೊಡ್ಡದು, ಸ್ಟೇಜಿನಿಂದ ಆಚೆ ಹೋದರೆ ವಾಪಸ್ ಬರುವುದು ದೇವರೇ ಗತಿ. ಹೊಡೆದರೆ ಜೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆಯುವಷ್ಟು ಹತ್ತಿರ ಹೋಗುವುದೇ ಆಗುವುದಿಲ್ಲವಲ್ಲ!

ನಮ್ಮಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು ಓಟ ಮತ್ತು ಜಿಗಿತದ ವೇಗ ಹೆಚ್ಚಿಸಿ, ಕೆಲಸ ಮುಗೀತು ಅನ್ನುತ್ತಾರೆ. ಇನ್ನೊಂದು ಪಕ್ಷ ರಿಕವರಿ (ಸ್ಟೇಜಿನಿಂದ ಆಚೆ ಬಿದ್ದಾಗ ವಾಪಸ್ ಬರುವುದು) ಸರಿ ಮಾಡಿದರೆ ಸಾಕು, ಬೇಗ ಸಾಯುವುದಿಲ್ಲ, ಹಾಗಾಗಿ ತಾನಾಗೇ ಗೆಲ್ಲುತ್ತಾನೆ ಅನ್ನುತ್ತದೆ. ನನಗೆ ಎರಡೂ ಒಪ್ಪಿಗೆ ಇಲ್ಲ. ಓಡುವ ಗ್ಯಾನನ್ ಬೇಕಿದ್ದರೆ ಕ್ಯಾಪ್ಟನ್ ಫಾಲ್ಕನ್ ಇದ್ದಾನಲ್ಲ, ಮೆಲೀಯಲ್ಲಿ ಗ್ಯಾನನ್‌ನ ಏಟುಗಳನ್ನು ಅವನ ಮೇಲೇ ಕಟ್ಟಿದ್ದು. ಎದುರಿಗೆ ನಿಂತವನಿಗೆ ಭಯ ಹುಟ್ಟಿಸುವ, ಹೆಜ್ಜೆ ಹೆಜ್ಜೆಯಾಗಿ ಬರುವ ಗ್ಯಾನನ್ ನನಗೆ ಬೇಕು.

ನನ್ನ ಪ್ರಶ್ನೆ ಇಷ್ಟು: ಎಲ್ಲಿಂದ ಶುರು ಮಾಡಬೇಕು? ಯಾವ ನಂಬರ್ ಮೊದಲು ಮುಟ್ಟಬೇಕು? ಜಾಸ್ತಿ ಆಯಿತು ಅಂತ ಗೊತ್ತಾಗುವುದು ಹೇಗೆ? ಇಂಥ ಕೆಲಸ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ, ಉದ್ದವಾದರೂ ಓದುತ್ತೇನೆ.

ಫ್ರೇಮ್‌ಲೆಕ್ಕ:

ಮೊದಲ ಮಾತು: ಏನನ್ನೂ ಮುಟ್ಟಬೇಡಿ. ನಿಮ್ಮ ಎಂಜಿನ್ ಬದಲಾವಣೆಯೇ ಗ್ಯಾನನ್‌ಗೆ ದೊಡ್ಡ ಬಫ್, ಅಂದರೆ ಬಲ ಹೆಚ್ಚಿಸುವ ಬದಲಾವಣೆ. ಮೆಲೀಯ ಗ್ಯಾನನ್ ಕೂಡ ನಿಧಾನವೇ, ಅವನಿಗೂ ಎಸೆಯಲು ಏನೂ ಇಲ್ಲ, ಆದರೂ ಮೆಲೀಯಲ್ಲಿ ಅವನು ನಡುವಿನ ಸಾಲಿನವನು. ಅದೇ ಮನುಷ್ಯ ಬ್ರಾಲ್‌ನಲ್ಲಿ ತಳಕ್ಕೆ ಹೋದದ್ದರಲ್ಲಿ ಓಟಕ್ಕಿಂತ ಆಟದ ನಿಯಮಗಳ ಪಾಲೇ ಜಾಸ್ತಿ. ಬ್ರಾಲ್‌ನಲ್ಲಿ ಒಂದು ಏಟು ಬಿದ್ದ ಮೇಲೆ ಎದುರಾಳಿ ಬೇಗ ಕೈಕಾಲು ಆಡಿಸಬಹುದಿತ್ತು. ಕಷ್ಟಪಟ್ಟು ಹತ್ತಿರ ಹೋಗಿ ಹೊಡೆದ ಏಟಿಗೆ ಒಂದೇ ಏಟಿನ ಫಲ. ಈಗ ನಿಮ್ಮ ಎಂಜಿನ್‌ನಲ್ಲಿ ಒಂದು ಏಟು ಎರಡಾಗುತ್ತದೆ, ಮೂರಾಗುತ್ತದೆ. ಮೊದಲು ಒಂದಿಷ್ಟು ಆಟ ಹಾಗೇ ಆಡಿ, ರೆಕಾರ್ಡ್ ಮಾಡಿಕೊಳ್ಳಿ, ಅವನು ಎಲ್ಲೆಲ್ಲಿ ಸೋಲುತ್ತಾನೆ ಅಂತ ಬರೆದಿಡಿ. "ದುರ್ಬಲ" ಅಂತ ಬರೆದರೆ ಪ್ರಯೋಜನ ಇಲ್ಲ. "ಜಿಗಿದು ಹೊಡೆದೆ, ಶೀಲ್ಡ್ ಮೇಲೆ ಬಿತ್ತು, ಹಿಡಿದು ಎಸೆದರು" ಅಂತ ಬರೆಯಬೇಕು. ಆಗ ಮುಟ್ಟಬೇಕಾದ ಜಾಗ ತಾನಾಗಿ ಕಾಣುತ್ತದೆ.

ಅದೇ ಉದಾಹರಣೆ ಹಿಡಿಯೋಣ. ಗಾಳಿಯಲ್ಲಿ ಮುಂದಕ್ಕೆ ಗುದ್ದುವ ಫೇರ್. ಅದರ ಲ್ಯಾಂಡಿಂಗ್ ಲ್ಯಾಗ್ (ನೆಲಕ್ಕೆ ಇಳಿದ ಮೇಲೆ ಕದಲಲಾಗದ ಹೊತ್ತು) 36 ಫ್ರೇಮ್ ಅಂದುಕೊಳ್ಳಿ. ಎಲ್-ಕ್ಯಾನ್ಸಲ್ ಸರಿಯಾಗಿ ಬಿದ್ದರೆ ಅರ್ಧ, 18. ಏಟು ಶೀಲ್ಡ್ ಮೇಲೆ ಬಿದ್ದಾಗ ಎದುರಾಳಿ 9 ಫ್ರೇಮ್ ಕದಲುವಂತಿಲ್ಲ ಅಂದುಕೊಳ್ಳಿ. ಹೊಡೆದ ತಕ್ಷಣ ನೆಲ ಮುಟ್ಟಿದರೂ ನೀವು 9 ಫ್ರೇಮ್ ಹಿಂದೆ. ಮೆಲೀಯಲ್ಲಿ ಹೆಚ್ಚಿನವರ ನಿಂತ ಗ್ರ್ಯಾಬ್ 7ನೇ ಫ್ರೇಮಿಗೆ ಹಿಡಿಯುತ್ತದೆ. ನೀವು ಸಿಕ್ಕಿಬಿದ್ದಿರಿ, ಪ್ರತಿ ಸಲ. ಈಗ 36 ಅನ್ನು 30 ಮಾಡಿ. ಕ್ಯಾನ್ಸಲ್ ಆದರೆ 15, ಹಿಂದೆ ಉಳಿದದ್ದು 6. ಒಂದೇ ಫ್ರೇಮಿನಲ್ಲಿ ಬಚಾವ್. ಓಟ ಒಂದಿಷ್ಟೂ ಹೆಚ್ಚಿಸಿಲ್ಲ, ಡ್ಯಾಮೇಜ್ ಮುಟ್ಟಿಲ್ಲ, ನೋಡುವವರಿಗೆ ಏನೂ ಬದಲಾದಂತೆ ಕಾಣುವುದೂ ಇಲ್ಲ. ಆದರೆ ಶೀಲ್ಡ್ ಹಿಡಿದು ಕಾಯುವವನ ಮನಸ್ಸಿನಲ್ಲಿ ಎಲ್ಲಾ ಬದಲಾಯಿತು. ಮೊದಲು ಅವನು ಆರಾಮಾಗಿ ಕಾಯುತ್ತಿದ್ದ, ಈಗ ಕಾದರೆ ಗ್ಯಾನನ್ ಅವನ ಪಕ್ಕದಲ್ಲೇ ನಿಂತಿರುತ್ತಾನೆ. ಎಲ್-ಕ್ಯಾನ್ಸಲ್ ತಪ್ಪಿಸಿದವನಿಗೆ ಮಾತ್ರ 30 ಪೂರ್ತಿ, ಹಳೆಯ ಶಿಕ್ಷೆಯೇ. ಇದು ನನಗೆ ತುಂಬಾ ಇಷ್ಟವಾದ ರೀತಿಯ ಬಫ್, ಯಾಕೆಂದರೆ ಚೆನ್ನಾಗಿ ಆಡಿದವನಿಗೇ ಸಿಗುತ್ತದೆ.

ಇನ್ನೊಂದು, ಏಟು ಶುರುವಾಗುವ ಫ್ರೇಮ್. ಕಣ್ಣಿಗೆ ಕಂಡು ಕೈ ಓಡಲು ಮನುಷ್ಯನಿಗೆ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅದು 12ರಿಂದ 15 ಫ್ರೇಮ್. ಹಾಗಾಗಿ 28ನೇ ಫ್ರೇಮಿಗೆ ಬೀಳುವ ಏಟನ್ನು 25ಕ್ಕೆ ತಂದರೆ ಏನೂ ಆಗುವುದಿಲ್ಲ, ಆಗಲೂ ನೋಡಿ ತಪ್ಪಿಸಿಕೊಳ್ಳುತ್ತಾರೆ. 16ರದ್ದನ್ನು 13ಕ್ಕೆ ತಂದರೆ ಅದು ಬೇರೆಯೇ ಏಟು, ಎದುರಾಳಿ ಇನ್ನು ಮೇಲೆ ಮೊದಲೇ ಊಹೆ ಮಾಡಬೇಕು. ಅದೇ 3 ಫ್ರೇಮ್, ಎರಡು ಕಡೆ ಎರಡು ಬೆಲೆ. ಅವನ ಸ್ಪೆಷಲ್ ಗುದ್ದು ವಾರ್ಲಾಕ್ ಪಂಚ್ ಅನ್ನು ಸುಮ್ಮನೆ ಬಿಡಿ, ಅದು ಬೀಳಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು, ಅದರಿಂದ ಹತ್ತು ಫ್ರೇಮ್ ಕಿತ್ತರೂ ಯಾರಿಗೂ ಉಪಯೋಗ ಇಲ್ಲ.

ಈಗ ನಾಕ್‌ಬ್ಯಾಕ್. ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪ್ರತಿ ಏಟಿಗೂ ಎರಡು ಮುಖ್ಯ ನಂಬರ್: ಬೇಸ್ ಮತ್ತು ಗ್ರೋತ್. ಬೇಸ್ ಯಾವಾಗಲೂ ಸೇರುವ ಗಟ್ಟಿ ಮೊತ್ತ. ಗ್ರೋತ್ ಎದುರಾಳಿಯ ಪರ್ಸೆಂಟ್ (ಅವನ ಮೇಲೆ ಕೂಡುತ್ತಾ ಬಂದ ಡ್ಯಾಮೇಜ್) ಏರಿದಂತೆ ಏರುತ್ತದೆ. ಸೂತ್ರ ಹೀಗೆ: ಏಟು ಸೇರಿದ ಮೇಲಿನ ಪರ್ಸೆಂಟ್ ತೆಗೆದುಕೊಳ್ಳಿ. ಅದರ ಹತ್ತನೇ ಒಂದು ಭಾಗ, ಜೊತೆಗೆ ಪರ್ಸೆಂಟ್ ಗುಣಿಸು ಡ್ಯಾಮೇಜ್ ಭಾಗಿಸು 20, ಇವೆರಡನ್ನೂ ಕೂಡಿಸಿ. ಅದನ್ನು ತೂಕದ ಭಾಗದಿಂದ ಗುಣಿಸಿ, ಅದು 200 ಭಾಗಿಸು (ತೂಕ ಕೂಡಿಸು 100). ಆಮೇಲೆ 1.4ರಿಂದ ಗುಣಿಸಿ, 18 ಕೂಡಿಸಿ, ಗ್ರೋತ್‌ನ ನೂರರಲ್ಲೊಂದು ಭಾಗದಿಂದ ಗುಣಿಸಿ, ಕೊನೆಗೆ ಬೇಸ್ ಕೂಡಿಸಿ.

17 ಡ್ಯಾಮೇಜ್‌ನ ಏಟು, ಎದುರಾಳಿ ತೂಕ 100 ಅಂತ ಇಟ್ಟುಕೊಳ್ಳಿ. ಮೊದಲ ಜೋಡಿ ಗ್ರೋತ್ 100, ಬೇಸ್ 20. ಎರಡನೇ ಜೋಡಿ ಗ್ರೋತ್ 90, ಬೇಸ್ 40. ಪರ್ಸೆಂಟ್ 20 ಇದ್ದಾಗ ಮೊದಲನೆಯದು 64.6 ನಾಕ್‌ಬ್ಯಾಕ್, 25 ಫ್ರೇಮ್ ಹಿಟ್‌ಸ್ಟನ್. ಎರಡನೆಯದು 80.1, ಅಂದರೆ 32 ಫ್ರೇಮ್. ಪರ್ಸೆಂಟ್ 100 ಆದಾಗ 171ಕ್ಕೆ 175.9, ವ್ಯತ್ಯಾಸ ಇದ್ದೂ ಇಲ್ಲದಂತೆ. 137ರ ಹತ್ತಿರ ಎರಡೂ ಒಂದೇ. ನೋಡಿದಿರಾ? ಕೊಲ್ಲುವ ಶಕ್ತಿ ಮುಟ್ಟದೇ, ಆಟದ ಶುರುವಿನಲ್ಲಿ ಅವನಿಗೆ 7 ಫ್ರೇಮ್ ಹೆಚ್ಚಿಗೆ ಸಿಕ್ಕಿತು. ಗ್ಯಾನನ್ ಕೊಲ್ಲುವುದರಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ, ಅವನಿಗೆ ಬೇಕಾದದ್ದು ಮೊದಲ ಏಟಿನ ನಂತರದ ಜಾಗ. ಆದರೆ ಹುಷಾರು, ಬೇಸ್ ಜಾಸ್ತಿಯಾದರೆ ಎದುರಾಳಿ ದೂರಕ್ಕೂ ಹಾರುತ್ತಾನೆ, ನಿಧಾನದ ಗ್ಯಾನನ್ ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಆ 7 ಫ್ರೇಮ್ ಮುಗಿದುಹೋಗಬಹುದು. ಕೋನ ಎಷ್ಟಿದೆ ನೋಡಿಕೊಂಡು ಮಾಡಿ. ಕೆಲವು ಏಟಿಗೆ ಉಲ್ಟಾ ಮಾಡಬೇಕಾಗುತ್ತದೆ, ಬೇಸ್ ಇಳಿಸಿ ಹತ್ತಿರವೇ ಇಟ್ಟುಕೊಳ್ಳಬೇಕು.

ಹಳೇಕಂಟ್ರೋಲರ್:

ಮೇಲಿನವರು ನಂಬರ್ ಎಲ್ಲಾ ಹೇಳಿದ್ದಾರೆ, ನಾನು ರಿಕವರಿ ಪಕ್ಷದವರಿಗೆ ಒಂದು ಮಾತು ಹೇಳಬೇಕು. ಪ್ರಾಜೆಕ್ಟ್ ಎಂ ಕಥೆ ಪೂರ್ತಿ ತಿಳಿದುಕೊಂಡು ಆಮೇಲೆ ತೀರ್ಮಾನ ಮಾಡಿ. ಬ್ರಾಲ್ ಮೇಲೆ ಅಭಿಮಾನಿಗಳು ಮಾಡಿದ ಮಾಡ್‌ಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. 2011ರಲ್ಲಿ ಮೊದಲ ಡೆಮೋ ಬಂತು. 2013ರ ಡಿಸೆಂಬರ್‌ನಲ್ಲಿ 3.0 ಬಂದಾಗ ಮ್ಯೂಟೂ, ರಾಯ್ ಇಬ್ಬರೂ ಸೇರಿ 41 ಕ್ಯಾರೆಕ್ಟರ್. ಮೆಲೀಯ ಮೇಲಿನ ಸಾಲಿನವರ ಎದುರು ಎಲ್ಲರೂ ನಿಲ್ಲಬೇಕು ಅನ್ನುವ ಆಸೆ ಅವರದ್ದು, ಒಳ್ಳೆಯ ಆಸೆಯೇ. ಹಾಗಾಗಿ ಎಲ್ಲರಿಗೂ ಏನಾದರೊಂದು ಕೊಟ್ಟರು. ಕೊಟ್ಟೂ ಕೊಟ್ಟೂ ಏನಾಯಿತೆಂದರೆ ಸ್ಟೇಜಿನಿಂದ ಆಚೆ ಹೋದವರು ಯಾರೂ ಸಾಯುತ್ತಲೇ ಇರಲಿಲ್ಲ. ಹೋವರ್, ಟೆಲಿಪೋರ್ಟ್ ಎರಡೂ ಇದ್ದ ಮ್ಯೂಟೂವನ್ನು ಆ ಕಾಲದಲ್ಲಿ ಎದುರಿಸಿದವರಿಗೆ ಗೊತ್ತು ನಾನು ಏನು ಹೇಳುತ್ತಿದ್ದೇನೆ ಅಂತ. ಹೊಡೆದು ಆಚೆ ಹಾಕಿದ ಮೇಲೂ ಕೆಲಸ ಮುಗಿದಂತೆ ಅನ್ನಿಸುತ್ತಿರಲಿಲ್ಲ.

2014ರ ನವೆಂಬರ್‌ನಲ್ಲಿ 3.5 ಬಂತು. ಅದರಲ್ಲಿ ಹೆಚ್ಚಿನ ಕೆಲಸ ಕತ್ತರಿಸುವುದೇ, ಅದರಲ್ಲೂ ರಿಕವರಿಗಳನ್ನು. ತುಂಬಾ ಜನ ಸಿಟ್ಟಾದರು. ಕೊಟ್ಟದ್ದನ್ನು ಕಿತ್ತುಕೊಂಡರೆ ಸಿಟ್ಟು ಬರದೇ ಇರುತ್ತಾ? ಆದರೆ ಆಟ ಉತ್ತಮವಾಯಿತು. ಅಂಚಿನಲ್ಲಿ ನಿಂತು ಕಾಯುವವನಿಗೂ ವಾಪಸ್ ಬರುವವನಿಗೂ ಇಬ್ಬರಿಗೂ ಯೋಚನೆ ಮಾಡುವ ಕೆಲಸ ಬಂತು. 2015ರ ಆಗಸ್ಟ್‌ನಲ್ಲಿ 3.6, ಅದೇ ವರ್ಷ ಡಿಸೆಂಬರ್ ಮೊದಲ ದಿನ ತಂಡ ಕೆಲಸ ನಿಲ್ಲಿಸಿತು. ಆಮೇಲೆ ಬೇರೆಯವರು ಪ್ರಾಜೆಕ್ಟ್ ಪ್ಲಸ್ ಅಂತ ಮುಂದುವರಿಸಿದರು.

ಇದರಿಂದ ನಾನು ಹಿಡಿದುಕೊಂಡ ವಿಷಯ ಒಂದೇ. ರಿಕವರಿ ಅನ್ನುವುದು ಮಿಕ್ಕ ಬಫ್‌ಗಳ ಹಾಗಲ್ಲ. ಫೇರ್ ಬಲ ಮಾಡಿದರೆ ಗ್ಯಾನನ್ ಆಡುವವನು ಆ ಏಟನ್ನು ಹೊಡೆದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ರಿಕವರಿ ಬಲ ಮಾಡಿದರೆ ಎದುರಾಳಿ ಚೆನ್ನಾಗಿ ಆಡಿ ಗಳಿಸಿದ್ದೇ ಕಡಿಮೆಯಾಗುತ್ತದೆ. ಅದಕ್ಕೇ ಅದನ್ನು ಕೊಟ್ಟಾಗ ಎದುರಿನವರಿಗೆ ಅಷ್ಟು ಉರಿಯುವುದು.

ಇಷ್ಟಕ್ಕೂ ತಳದವರನ್ನು ಎತ್ತುವ ಕೆಲಸ ಹೊಸದೇನಲ್ಲ. ಮೆಲೀಗೆ ಎಸ್‌ಡಿ ರೀಮಿಕ್ಸ್ ಅಂತ ಒಂದು ಮಾಡ್ ಇದೆ, ಅದು ಹುಟ್ಟಿದ್ದೇ ಕೆಳಸಾಲಿನವರನ್ನು ಮೇಲಿನವರ ಜೊತೆ ನಿಲ್ಲಿಸಲು. ಇನ್ನೂ ಹಿಂದೆ ಹೋದರೆ 1992ರಲ್ಲಿ ಸ್ಟ್ರೀಟ್ ಫೈಟರ್ 2ರ ರೇನ್‌ಬೋ ಎಡಿಷನ್. ಯಾರದೋ ಕಳ್ಳ ಚಿಪ್, ಗಾಳಿಯಲ್ಲೇ ಸ್ಪೆಷಲ್ ಮೂವ್, ಹಿಂದೆ ಬಿದ್ದು ಅಟ್ಟಿಸಿಕೊಂಡು ಬರುವ ಫೈರ್‌ಬಾಲ್. ಬ್ಯಾಲೆನ್ಸ್ ಅನ್ನುವುದು ಅದರಲ್ಲಿ ಹುಡುಕಿದರೂ ಸಿಗದು, ಆದರೆ ಜನ ಮುಗಿಬಿದ್ದರು, ಕ್ಯಾಪ್ಕಾಮ್ ಅದೇ ವರ್ಷದ ಕೊನೆಗೆ ವೇಗ ಹೆಚ್ಚಿಸಿದ ಹೈಪರ್ ಫೈಟಿಂಗ್ ತಂದಿತು. ಅಭಿಮಾನಿಗಳು ಮಾಡಿದ್ದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅನ್ನಲು ಇದನ್ನು ಹೇಳಿದೆ.

ಅಂಚಿನವ:

ಹಳೇಕಂಟ್ರೋಲರ್ ಅಣ್ಣ, ಪ್ರಾಜೆಕ್ಟ್ ಎಂ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಗ್ಯಾನನ್ ವಿಷಯದಲ್ಲಿ ಒಪ್ಪುವುದಿಲ್ಲ. ಮ್ಯೂಟೂಗೆ ಎಲ್ಲಾ ಇತ್ತು, ಅದರ ಮೇಲೆ ರಿಕವರಿಯೂ ಇತ್ತು. ಇವನಿಗೆ ಏನೂ ಇಲ್ಲ. ಇವನು ಆಚೆ ಬಿದ್ದಾಗ ಎದುರಾಳಿಗೆ ಊಹೆ ಮಾಡುವ ಅಗತ್ಯವೇ ಇಲ್ಲ. ಮೇಲಕ್ಕೆ ಬರುವ ಡಾರ್ಕ್ ಡೈವ್ ಎಲ್ಲಿಂದ ಯಾವಾಗ ಬರುತ್ತದೆ ಅಂತ ಕಣ್ಣು ಮುಚ್ಚಿಕೊಂಡೂ ಹೇಳಬಹುದು, ಅಂಚು ಹಿಡಿದು ನಿಂತರೆ ಮುಗೀತು. ಅಲ್ಲಿ ಆಟವೇ ನಡೆಯುತ್ತಿಲ್ಲ.

ನಾನು ದೂರ ಹೆಚ್ಚಿಸಿ ಅನ್ನುತ್ತಿಲ್ಲ. ಒಂದು ದಾರಿ ಇದ್ದ ಕಡೆ ಎರಡು ದಾರಿ ಮಾಡಿ. ಗಾಳಿಯಲ್ಲಿ ಫ್ಲೇಮ್ ಚೋಕ್ (ಮುಂದಕ್ಕೆ ನುಗ್ಗಿ ಕತ್ತು ಹಿಡಿಯುವ ಏಟು) ಮಾಡಿದರೆ ಅಂಚು ಹಿಡಿಯುವುದು ಸ್ವಲ್ಪ ಸುಲಭ ಆಗಲಿ, ಅಥವಾ ಡಾರ್ಕ್ ಡೈವ್ ಶುರುವಿನಲ್ಲಿ ಹಿಂದೆ ಮುಂದೆ ಸ್ವಲ್ಪ ವಾಲಲು ಬಿಡಿ. ಒಟ್ಟು ದೂರ ಅಷ್ಟೇ ಇರಲಿ. ಆಗ ಅಂಚಿನಲ್ಲಿ ಕಾಯುವವನು ಒಂದನ್ನು ಆರಿಸಿಕೊಳ್ಳಬೇಕು, ತಪ್ಪಾಗಿ ಆರಿಸಿದರೆ ಗ್ಯಾನನ್ ವಾಪಸ್, ಸರಿಯಾಗಿ ಆರಿಸಿದರೆ ಗ್ಯಾನನ್ ಸತ್ತ. ಜೊತೆಗೆ ಅವನು ಎದುರಾಳಿಯನ್ನು ಹಿಡಿದುಕೊಂಡೇ ಕೆಳಗೆ ಬೀಳುತ್ತಾನಲ್ಲ, ಆ ಭಯ ಹಾಗೇ ಇರಲಿ, ದಯವಿಟ್ಟು ತೆಗೆಯಬೇಡಿ. ಅಂಚಿನ ಹತ್ತಿರ ಯಾರೂ ಅವನ ಮುಂದೆ ಮೈಮರೆತು ನಿಲ್ಲಬಾರದು.

ಹಳೇಕಂಟ್ರೋಲರ್:

ಅಂಚಿನವ, ದೂರ ಹೆಚ್ಚಿಸದೇ ದಾರಿ ಹೆಚ್ಚಿಸುವುದಾದರೆ ನನ್ನ ತಕರಾರಿಲ್ಲ. ಎರಡರಲ್ಲಿ ಒಂದೇ ಇರಲಿ, ಎರಡೂ ಬೇಡ. ವಾಲುವುದಕ್ಕಿಂತ ಚೋಕ್‌ನಿಂದ ಅಂಚು ಹಿಡಿಯುವುದು ಉತ್ತಮ ಅನ್ನಿಸುತ್ತದೆ, ಅದು ಬರುತ್ತಿರುವುದು ದೂರದಿಂದಲೇ ಕಾಣುತ್ತದೆ, ತಡೆಯಲು ಎದುರಾಳಿಗೂ ಹೊತ್ತು ಸಿಗುತ್ತದೆ.

ಪ್ಯಾಕ್‌ಫೈಲ್:

ಕೈಕೆಲಸದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಗ್ಯಾನನ್‌ನ ಏಟುಗಳೆಲ್ಲಾ ಇರುವ ಫಿಟ್‌ಗ್ಯಾನನ್ ಪ್ಯಾಕ್ ಫೈಲನ್ನು ಬ್ರಾಲ್‌ಕ್ರೇಟ್‌ನಲ್ಲೋ ಪಿಎಸ್‌ಎನಲ್ಲೋ (ಎರಡೂ ಮಾಡ್ ಮಾಡುವ ಸಾಫ್ಟ್‌ವೇರ್) ತೆರೆದರೆ ಪ್ರತಿ ಏಟೂ ಒಂದರ ಕೆಳಗೊಂದು ಬರೆದ ಆಜ್ಞೆಗಳ ಸಾಲು. ಇಷ್ಟು ಫ್ರೇಮ್ ಕಾಯಿ ಅನ್ನುವ ಟೈಮರ್, ಆಮೇಲೆ ಅಫೆನ್ಸಿವ್ ಕೊಲಿಷನ್ (ಏಟು ತಾಗುವ ಜಾಗ, ಅಂದರೆ ಹಿಟ್‌ಬಾಕ್ಸ್), ಆಮೇಲೆ ಇನ್ನೊಂದು ಟೈಮರ್, ಕೊಲಿಷನ್ ಅಳಿಸು, ಕೊನೆಗೆ ಅಲೋ ಇಂಟರಪ್ಟ್ (ಇಲ್ಲಿಂದ ಮುಂದೆ ಬೇರೆ ಏನಾದರೂ ಮಾಡಬಹುದು ಅನ್ನುವ ಆಜ್ಞೆ). ಡ್ಯಾಮೇಜ್, ಕೋನ, ಬೇಸ್, ಗ್ರೋತ್, ಗಾತ್ರ, ಶೀಲ್ಡ್ ಡ್ಯಾಮೇಜ್, ಎಡವಿಸುವ ದರ ಎಲ್ಲಾ ಆ ಕೊಲಿಷನ್ ಒಳಗೇ ಇರುತ್ತದೆ. ಎಂಜಿನ್‌ನಲ್ಲಿ ಓಡುವಾಗ ಎಡವುವುದನ್ನು ತೆಗೆದಿದ್ದೀರಿ ಸರಿ, ಏಟಿನ ಒಳಗಿನ ಎಡವಿಸುವ ದರ ಬೇರೆ, ಅದನ್ನೂ ಒಮ್ಮೆ ನೋಡಿ. ಕೋನದ ಜಾಗದಲ್ಲಿ 361 ಕಂಡರೆ ಗಾಬರಿ ಬೇಡ, ಅದು ನಿಜವಾದ ಕೋನ ಅಲ್ಲ, ನಾಕ್‌ಬ್ಯಾಕ್ ಎಷ್ಟಿದೆ, ಎದುರಾಳಿ ನೆಲದ ಮೇಲಿದ್ದಾನೋ ಗಾಳಿಯಲ್ಲೋ ನೋಡಿಕೊಂಡು ಆಟವೇ ಕೋನ ಆರಿಸುತ್ತದೆ. ಕಾಂಬೋ ಬರಬೇಕಾದ ಏಟಿನಲ್ಲಿ 361 ಇದ್ದರೆ ಅದನ್ನು ತೆಗೆದು ಗಟ್ಟಿ ಕೋನ ಹಾಕಿ, ಇಲ್ಲದಿದ್ದರೆ ಒಂದೊಂದು ಪರ್ಸೆಂಟ್‌ಗೆ ಒಂದೊಂದು ಥರ ಹಾರುತ್ತಾರೆ.

ಏಟನ್ನು ಬೇಗ ಮಾಡಬೇಕು ಅಂದರೆ ಟೈಮರ್ ಮಾತ್ರ ಕಡಿಮೆ ಮಾಡಬೇಡಿ. ಕೈ ಇನ್ನೂ ಹಿಂದೆ ಇರುತ್ತದೆ, ಹಿಟ್‌ಬಾಕ್ಸ್ ಆಗಲೇ ಮುಂದೆ ಬಂದಿರುತ್ತದೆ, ಆಡುವವರಿಗೆ ಮೋಸ ಆದಂತೆ ಅನ್ನಿಸುತ್ತದೆ. ಪ್ರಾಜೆಕ್ಟ್ ಎಂ ತಂಡ ಇದಕ್ಕೆ ಫ್ರೇಮ್ ಸ್ಪೀಡ್ ಮಾಡಿಫೈಯರ್ ಬಳಸಿತು. ಅನಿಮೇಷನ್‌ನ ಇಂತಿಷ್ಟು ಭಾಗ ಮಾತ್ರ ವೇಗವಾಗಿ ಓಡಲಿ ಅಂತ ಹೇಳಬಹುದು, ಆಗ ಕೈಯೂ ಹಿಟ್‌ಬಾಕ್ಸೂ ಜೊತೆಗೇ ಬರುತ್ತವೆ. ಗ್ಯಾನನ್‌ನಲ್ಲಿ ಒಂದು ಸೂಕ್ಷ್ಮ ಇದೆ. ಕೈ ಹಿಂದಕ್ಕೆ ಎಳೆಯುವ ಭಾಗವನ್ನು ವೇಗ ಮಾಡಿದರೆ ಅವನ ಭಾರ ಹೊರಟು ಹೋಗುತ್ತದೆ, ಯಾರೋ ವೀಡಿಯೊ ಫಾಸ್ಟ್ ಫಾರ್ವರ್ಡ್ ಮಾಡಿದ ಹಾಗೆ ಕಾಣುತ್ತದೆ. ಹೊಡೆದ ಮೇಲೆ ಕೈ ವಾಪಸ್ ಬರುವ ಭಾಗ ವೇಗ ಮಾಡಿ, ಅಲೋ ಇಂಟರಪ್ಟ್ ಅನ್ನು ಸ್ವಲ್ಪ ಮುಂದಕ್ಕೆ ತನ್ನಿ. ನೋಡಲು ಅಷ್ಟೇ ನಿಧಾನ, ಅಷ್ಟೇ ಭಾರ, ಆದರೆ ಆಡುವವನಿಗೆ ಕೈಕಾಲು ಬೇಗ ಬಿಡುವಾಗುತ್ತದೆ.

ಭಾರ ಅಂದಾಗ ಹಿಟ್‌ಲ್ಯಾಗ್ ಕೂಡ ನೆನಪಿಡಿ. ಏಟು ಬಿದ್ದ ಕ್ಷಣ ಇಬ್ಬರೂ ನಿಂತುಬಿಡುತ್ತಾರಲ್ಲ, ಅದು. ಮೆಲೀ ಲೆಕ್ಕದಲ್ಲಿ ಡ್ಯಾಮೇಜ್ ಭಾಗಿಸು 3, ಕೂಡಿಸು 3, ಹಾಗಾಗಿ 17ರ ಏಟಿಗೆ 8 ಫ್ರೇಮ್. ಯಾರಾದರೂ "ಡ್ಯಾಮೇಜ್ ಇಳಿಸಿ ವೇಗ ಕೊಡೋಣ" ಅಂದರೆ ಈ ನಿಲ್ಲುವಿಕೆಯೂ ಇಳಿಯುತ್ತದೆ, ಏಟಿನ ಗಮ್ಮತ್ತೇ ಹೋಗುತ್ತದೆ ಅಂತ ತಿಳಿಸಿ.

ಕೊನೆಯದಾಗಿ, ಒಂದು ಬಿಲ್ಡ್‌ಗೆ ಒಂದೇ ಬದಲಾವಣೆ. ಹಳೆಯ ನಂಬರ್, ಹೊಸ ನಂಬರ್, ಯಾಕೆ ಬದಲಾಯಿಸಿದೆವು, ಮೂರನ್ನೂ ಬರೆದಿಡಿ. ಆರು ತಿಂಗಳಾದ ಮೇಲೆ "ಈ 30 ಎಲ್ಲಿಂದ ಬಂತು?" ಅಂತ ಒಬ್ಬರನ್ನೊಬ್ಬರು ಕೇಳುವ ಸ್ಥಿತಿ ಬರಬಾರದು.

ನಿಧಾನಗ್ಯಾನನ್:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಗುಂಪಿನಲ್ಲಿ ಇದನ್ನೆಲ್ಲಾ ಓದಿ ಹೇಳಿದೆ. ಓಟದ ಪಕ್ಷದವರು ಆ ಶೀಲ್ಡ್ ಲೆಕ್ಕ ನೋಡಿ ಸುಮ್ಮನಾದರು. ಹೇಳಿದ ಹಾಗೆ ಏನೂ ಮುಟ್ಟದೇ ಆಡಿ ನೋಡಿದೆವು, ನಿಜವಾಗಿಯೂ ಆಗಲೇ ಬೇರೆ ಗ್ಯಾನನ್. ಫ್ಲೇಮ್ ಚೋಕ್‌ನಲ್ಲಿ ಕೆಡವಿ, ಎದ್ದವನು ಯಾವ ಕಡೆ ಉರುಳುತ್ತಾನೆ ಅಂತ ಊಹಿಸಿ ಹೊಡೆದರೆ, ಅಲ್ಲಿಂದ ಮುಂದಿನ ಏಟೂ ಸಿಗುತ್ತಿದೆ. ಬ್ರಾಲ್‌ನಲ್ಲಿ ಇದು ಅಲ್ಲಿಗೇ ನಿಲ್ಲುತ್ತಿತ್ತು.

ಸೋಲುತ್ತಿರುವುದು ಮುಖ್ಯವಾಗಿ ಎರಡು ಕಡೆ. ಒಂದು, ಫ್ರೇಮ್‌ಲೆಕ್ಕ ಹೇಳಿದ ಶೀಲ್ಡ್ ಮೇಲಿನ ಫೇರ್, ಅದಕ್ಕೆ 36ರಿಂದ 30 ಹಾದಿಯಲ್ಲೇ ಹೋಗುತ್ತೇವೆ. ಇನ್ನೊಂದು, ಫಾಲ್ಕೋ ಥರದವರು ದೂರ ನಿಂತು ಲೇಸರ್ ಬಿಡುವಾಗ. ಒಂದು ಹೆಜ್ಜೆ ಇಡುತ್ತೇನೆ, ಲೇಸರ್ ತಾಗಿ ನಿಲ್ಲುತ್ತೇನೆ, ಇನ್ನೊಂದು ಹೆಜ್ಜೆ, ಮತ್ತೆ ಲೇಸರ್. ಇದಕ್ಕೆ ಆರ್ಮರ್ (ಏಟು ಬಿದ್ದರೂ ಕದಲದೇ ಮುಂದುವರಿಯುವುದು) ಕೊಡೋಣ ಅಂತ ಒಬ್ಬರು ಹೇಳುತ್ತಿದ್ದಾರೆ, ಪ್ರಾಜೆಕ್ಟ್ ಎಂನಲ್ಲಿ ಬೌಸರ್‌ಗೆ ಇತ್ತಲ್ಲ ಅಂತ. ಇದು ಸರಿಯಾ?

ಫ್ರೇಮ್‌ಲೆಕ್ಕ:

ಆರ್ಮರ್ ಕೊಡಬಹುದು, ಯಾವ ಥರದ್ದು, ಎಲ್ಲಿ ಅನ್ನುವುದರ ಮೇಲೆ ಇದೆ. ಸೂಪರ್ ಆರ್ಮರ್ ಬೇಡವೇ ಬೇಡ, ಯಾವ ಏಟಿಗೂ ಕದಲದಿದ್ದರೆ ಎದುರಾಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಮಿತಿ ಇರುವ ಆರ್ಮರ್ ಇದೆ, ಇಂತಿಷ್ಟು ಡ್ಯಾಮೇಜ್‌ವರೆಗೆ ಅಥವಾ ಇಂತಿಷ್ಟು ನಾಕ್‌ಬ್ಯಾಕ್‌ವರೆಗೆ ತಡೆದುಕೊಳ್ಳುವುದು. ಅದನ್ನು ಲೇಸರ್‌ನಂಥ ಸಣ್ಣ ಏಟು ಮಾತ್ರ ನುಂಗುವಷ್ಟು ಕೆಳಗೆ ಇಡಿ. ಡ್ಯಾಮೇಜ್ ಬೀಳಲಿ, ಕಾಲು ಮಾತ್ರ ನಿಲ್ಲದಿರಲಿ. ನಡೆಯುವಾಗ ಕೊಡಬೇಡಿ, ಯಾವುದಾದರೂ ಒಂದೇ ಏಟಿನ ಶುರುವಿನ ಕೆಲವು ಫ್ರೇಮಿಗೆ ಕೊಡಿ. ಫ್ಲೇಮ್ ಚೋಕ್ ಅದಕ್ಕೆ ಸರಿಯಾದ ಜಾಗ ಅನ್ನಿಸುತ್ತದೆ. ಲೇಸರ್ ಬಿಡುತ್ತಲೇ ಇದ್ದರೆ ಗ್ಯಾನನ್ ಅದನ್ನು ನುಂಗಿಕೊಂಡು ಬಂದು ಕತ್ತು ಹಿಡಿಯುತ್ತಾನೆ. ಆದರೆ ಫಾಲ್ಕೋ ಸುಮ್ನೆ ಜಿಗಿದರೆ ಚೋಕ್ ಖಾಲಿ ಹೋಗುತ್ತದೆ, ಆಗ ಗ್ಯಾನನ್ ಪೂರ್ತಿ ಬಯಲು. ಲೇಸರ್ ಬಿಡುವ ಪ್ರತಿ ಸಲವೂ ಫಾಲ್ಕೋ ಒಂದು ಕ್ಷಣ ಯೋಚಿಸಬೇಕು, ಅಷ್ಟು ಸಾಕು ನಮಗೆ. ಬೌಸರ್‌ಗೆ ಕೊಟ್ಟ ಆರ್ಮರ್ ನೋಡಿ ಅದೇ ಅಳತೆ ತರಬೇಡಿ, ಆ ಮೈಗೆ ಆ ಅಳತೆ, ಬೌಸರ್ ಮೆಲೀಯಲ್ಲಿ ಜಿಗಿಯಲು ಮೊದಲೇ 8 ಫ್ರೇಮ್ ನೆಲದ ಮೇಲೆ ಕುಗ್ಗುತ್ತಿದ್ದವನು.

ಜಾಸ್ತಿ ಆಯಿತಾ ಅಂತ ತಿಳಿಯುವ ನಿಮ್ಮ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಗೆಲುವು ಸೋಲು ಎಣಿಸುವುದು ಒಂದು, ಆದರೆ ಚಿಕ್ಕ ಗುಂಪಿನಲ್ಲಿ ಅದು ಆಡುವವರ ಕೈ ಮೇಲೆ ಹೋಗುತ್ತದೆ. ನಾನು ನೋಡುವುದು ಬೇರೆ. ಗ್ಯಾನನ್ ಆಡುವವನು ಒಂದೇ ಏಟನ್ನು ಎಲ್ಲಾ ಪ್ರಶ್ನೆಗೂ ಉತ್ತರವಾಗಿ ಬಳಸುತ್ತಿದ್ದಾನಾ? ದೂರ ಇದ್ದಾಗಲೂ ಚೋಕ್, ಶೀಲ್ಡ್ ಕಂಡರೂ ಚೋಕ್, ಅಂಚಿನಲ್ಲೂ ಚೋಕ್ ಅಂತಾದರೆ ಆ ಏಟಿಗೆ ಜಾಸ್ತಿ ಕೊಟ್ಟಿದ್ದೀರಿ. ಬ್ರಾಲ್‌ನಲ್ಲಿ ಮೆಟಾ ನೈಟ್ ಹೇಗಿದ್ದ ನೆನಪಿಸಿಕೊಳ್ಳಿ. ಅವನು ಎಷ್ಟು ಮೇಲಿದ್ದ ಅಂದರೆ 2011-12ರ ಹೊತ್ತಿಗೆ ಅಮೆರಿಕದ ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಅವನನ್ನೇ ನಿಷೇಧಿಸಿದರು. ಅವನ ಟೊರ್ನೇಡೋ ಒಂದನ್ನೇ ತಿರುಗಿಸುತ್ತಾ ಎಷ್ಟು ಆಟ ಗೆದ್ದರು! ಎದುರಾಳಿಯ ಕಡೆಯಿಂದಲೂ ನೋಡಿ. ಸೋತವನನ್ನು ಕೇಳಿ, "ಆ ಏಟಿಗೆ ನೀನು ಏನು ಮಾಡಬಹುದಿತ್ತು?" ಅಂತ. ಥಟ್ಟನೆ ಒಂದು ಉತ್ತರ ಬಂದರೆ ಸರಿ ಇದೆ. ಯೋಚಿಸಿ ಯೋಚಿಸಿ ಏನೂ ಹೊಳೆಯದಿದ್ದರೆ ನಂಬರ್ ಇಳಿಸಿ.

ಅಂಚಿನವ:

ಇದಕ್ಕೆ ಒಂದು ಸೇರಿಸಲಾ? ಸ್ಟೇಜ್ ಬದಲಾಯಿಸಿ ಆಡಿ. ಫೈನಲ್ ಡೆಸ್ಟಿನೇಷನ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಗ್ಯಾನನ್ ಯಾವಾಗಲೂ ದುರ್ಬಲ ಅಂತ ಕಾಣುತ್ತದೆ, ಅಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಪ್ಲಾಟ್‌ಫಾರ್ಮ್ ಇಲ್ಲ. ಅದನ್ನು ನೋಡಿ ಬಫ್ ಮೇಲೆ ಬಫ್ ಕೊಡುತ್ತೀರಿ. ಆಮೇಲೆ ಬ್ಯಾಟಲ್‌ಫೀಲ್ಡ್‌ನಲ್ಲಿ ಅವನೇ ಪ್ಲಾಟ್‌ಫಾರ್ಮ್ ಕೆಳಗೆ ನಿಂತು ಮೇಲಿನವರನ್ನು ಇಳಿಯಲು ಬಿಡುವುದಿಲ್ಲ. ಎರಡೂ ಕಡೆ ಆಡಿಯೇ ನಂಬರ್ ಇಡಿ.

ನಿಧಾನಗ್ಯಾನನ್:

ಸರಿ, ಹಾಗಾದರೆ ಕ್ರಮ ಹೀಗಿಟ್ಟಿದ್ದೇವೆ. ಮೊದಲ ಬಿಲ್ಡ್‌ನಲ್ಲಿ ಫೇರ್ ಲ್ಯಾಂಡಿಂಗ್ ಮಾತ್ರ. ಅದು ಕೂತ ಮೇಲೆ ಗಾಳಿಯ ಚೋಕ್‌ನಿಂದ ಅಂಚು ಹಿಡಿಯುವುದು, ದೂರ ಹಾಗೇ. ಆರ್ಮರ್ ಕೊನೆಗೆ, ಅದೂ ಮೊದಲೆರಡರಿಂದ ಫಾಲ್ಕೋ ಎದುರು ಉಸಿರಾಡಲು ಆಗದಿದ್ದರೆ ಮಾತ್ರ. ಓಟದ ವೇಗದ ನಂಬರ್ ಯಾರೂ ಮುಟ್ಟುವಂತಿಲ್ಲ ಅಂತ ನಮ್ಮ ಫೈಲಿನಲ್ಲೇ ಮೇಲೆ ಬರೆದುಬಿಟ್ಟಿದ್ದೇನೆ. ಪ್ಯಾಕ್‌ಫೈಲ್ ಹೇಳಿದ ಎಡವಿಸುವ ದರ ಎರಡು ಏಟಿನಲ್ಲಿ ಹಾಗೇ ಉಳಿದಿತ್ತು, ತೆಗೆದೆ. ಬಿಲ್ಡ್ ಡಾಲ್ಫಿನ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಈ ಆಟ ಓಡಿಸುವ ಎಮ್ಯುಲೇಟರ್) ಓಡುತ್ತಿದೆ. ಫಾಲ್ಕೋ, ಫಾಕ್ಸ್ ಚೆನ್ನಾಗಿ ಆಡುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ, ಫೈಲ್ ಕಳಿಸುತ್ತೇನೆ. ನನಗೆ ನಿಜವಾಗಿ ಬೇಕಾಗಿರುವುದು ಅವನನ್ನು ದೂರವೇ ನಿಲ್ಲಿಸಿ ಸೋಲಿಸಬಲ್ಲವರು.